ಸೊಪ್ಪು ಕಡಿದವನ ಸುತ್ತ ಕೆಂಪು ವೃತ್ತ

ಬಸ್ಸು ಎಕ್ಕಂಬಿ ದಾಟುತ್ತಿದ್ದಂತೆ ಬಿಸಿಲು ಮಾಯವಾಯಿತು. ಮಧ್ಯಾಹ್ನ ಹನ್ನೆರಡಕ್ಕೇ ಡ್ರೈವರ್ ದೀಪ ಹಾಕಿಕೊಂಡ. ನಮ್ಮ ಮಾನ್ವಿ ಸೀಮೆಯಲ್ಲಿ ಹೊಲದ ಬದುವಿನಲ್ಲಿ ನಿಂತರೆ ಮೂರು ಊರು ಕಾಣುತ್ತವೆ. ಇಲ್ಲಿ ಮುಂದಿನ ತಿರುವಿನಾಚೆ ರಸ್ತೆ ಇದೆಯೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಸಿರ್ಸಿಯಲ್ಲಿ ಇಳಿದಾಗ ನನಗೆ ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಸಿರ್ಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲ್ಲೂಕಿಗೆ ನಮ್ಮ ಸುದ್ದಿವಾಹಿನಿಯಿಂದ ನಾನೊಬ್ಬಳೇ. ವರದಿಗಾರ್ತಿಯೂ ನಾನೇ, ಕ್ಯಾಮೆರಾ ಹಿಡಿಯುವವಳೂ ನಾನೇ.

ಒಂಟಿ ಹೆಣ್ಣುಮಗಳು, ಅದರಲ್ಲೂ ಟಿವಿಯವಳು ಎಂದರೆ ಬಾಡಿಗೆಗೆ ಮನೆ ಕೊಡಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಕೊಟ್ಟವರು ಜೈನಾಬಿ. ಅವರ ಗಂಡ ಸಿರ್ಸಿ–ಯಲ್ಲಾಪುರದ ನಡುವೆ ಸಾಮಾನಿನ ಟೆಂಪೊ ಓಡಿಸುತ್ತಾರೆ. ಅವರ ಮಹಡಿಯ ಮೇಲಿನ ಒಂದು ಕೋಣೆ ನನ್ನದಾಯಿತು. ನನ್ನ ರಾಯಚೂರಿನ ಉರ್ದು ಕೇಳಿ ಜೈನಾಬಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ನನ್ನ ಕನ್ನಡಕ್ಕೆ ಇಲ್ಲಿ ಯಾರೂ ನಗುವುದಿಲ್ಲ, ಬೆಚ್ಚುತ್ತಾರೆ. ಅಂಗಡಿಯಲ್ಲಿ ‘ಏನ್ರೀ, ಜೋಳದ ಹಿಟ್ಟು ಐತೇನ್ರೀ’ ಎಂದರೆ ಜಗಳಕ್ಕೆ ಬಂದಳು ಎಂಬಂತೆ ನೋಡುತ್ತಾರೆ. ಇಲ್ಲಿಯವರು ಊಟಕ್ಕೆ ಮಜ್ಜಿಗೆಯಲ್ಲಿ ಸೊಪ್ಪು ಅರೆದು ಹಾಕಿದ ತಂಬುಳಿ ಮಾಡುತ್ತಾರೆ. ಒಲೆಯ ಮೇಲೆ ಕುದಿಸದ ಸಾರು ನನಗೆ ಮೂರು ತಿಂಗಳು ಗಂಟಲಲ್ಲಿ ಇಳಿಯಲಿಲ್ಲ. ವಾರಕ್ಕೊಮ್ಮೆ ನಾನು ಬಡಿದ ರೊಟ್ಟಿಯನ್ನು ಜೈನಾಬಿಯೇ ಮೊದಲು ತಿನ್ನುತ್ತಿದ್ದರು.

ಇನ್ನು ನನ್ನ ತಪ್ಪಿನ ವಿಷಯ. ನಮ್ಮ ಕಡೆ ಬೇವಿನ ಮರದ ಒಂದು ಟೊಂಗೆ ಮುರಿದರೂ ಅಜ್ಜಂದಿರು ಅಟ್ಟಿಸಿಕೊಂಡು ಬರುತ್ತಾರೆ, ನಿಮಗೆ ಗೊತ್ತೇ ಇದೆ. ಬಂದ ಮೂರನೇ ವಾರ ಮತ್ತಿಘಟ್ಟದ ಹತ್ತಿರ ಒಬ್ಬಾತ ಮರದ ತುದಿಯಲ್ಲಿ ನಿಂತು ಹಸಿ ಟೊಂಗೆಗಳನ್ನು ಕತ್ತಿಯಿಂದ ಕಡಿದು ಬೀಳಿಸುತ್ತಿದ್ದ. ಸುತ್ತ ಹತ್ತಾರು ಮರಗಳು ಬೋಳಾಗಿ ನಿಂತಿದ್ದವು. ನನ್ನ ರಕ್ತ ಕುದಿಯಿತು. ಯಾರನ್ನೂ ಕೇಳಲಿಲ್ಲ. ಚಿತ್ರ ತೆಗೆದು ಕಳಿಸಿದೆ. ಬೆಂಗಳೂರಿನ ಡೆಸ್ಕಿನವರು ಆತನ ಮುಖಕ್ಕೆ ಕೆಂಪು ವೃತ್ತ ಹಾಕಿ, ‘ಹಾಡಹಗಲೇ ಕಾಡು ಲೂಟಿ’ ಎಂದು ಇಡೀ ದಿನ ಓಡಿಸಿದರು.

ಸಂಜೆ ಜೈನಾಬಿ ಟಿವಿಯ ಮುಂದೆ ಕೈ ತಲೆಯ ಮೇಲಿಟ್ಟು ಕೂತಿದ್ದರು.

“ಎಂತ ಮಾಡಿದ್ಯೇ ಮಾರಾಯ್ತಿ? ಅದು ಸೊಪ್ಪಿನ ಬೆಟ್ಟ. ಅಡಿಕೆ ತೋಟದವ್ರಿಗೆ ಸರ್ಕಾರನೇ ಬಿಟ್ಟುಕೊಟ್ಟ ಜಾಗ. ಟೊಂಗೆ ಕಡೀಬಹುದು, ಮರ ಕಡೀಲಿಕ್ಕಿಲ್ಲ. ಮಳೆ ಬಂದ್ರೆ ಮತ್ತೆ ಚಿಗುರ್ತದೆ. ಆ ಸೊಪ್ಪು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡ್ತಾರೆ. ನಮ್ಮ ಅಜ್ಜನ ಕಾಲದಿಂದ್ಲೂ ಅದೆ ಇದು.”

“ಮತ್ತೆ ಆ ಮನುಷ್ಯ?”

“ಅವ ಮಂಜ. ಕೂಲಿಗೆ ಸೊಪ್ಪು ಕಡಿಯವ. ಪಾಪದವ.”

ಆ ರಾತ್ರಿಯೇ ಡೆಸ್ಕಿನ ಮುಖ್ಯಸ್ಥರಿಗೆ ಫೋನ್ ಮಾಡಿ, ಸುದ್ದಿ ತಪ್ಪು, ತಿದ್ದುಪಡಿ ಹಾಕಿ ಎಂದೆ. ಅವರು ನಕ್ಕರು. “ತಿದ್ದುಪಡಿ ಯಾರಮ್ಮ ನೋಡ್ತಾರೆ? ನಿನ್ನ ಸ್ಟೋರಿ ಚೆನ್ನಾಗಿ ಓಡ್ತಾ ಇದೆ. ಇಂಥದೇ ಇನ್ನೆರಡು ಕಳಿಸು.” ಬಂದ ವಾರವೇ ನಾನು ರಾಯಚೂರಿಗೆ ವಾಪಸು ವರ್ಗ ಕೇಳಿದ್ದೆ, ಅದಕ್ಕೂ ಅಂದೇ ಉತ್ತರ ಸಿಕ್ಕಿತು. “ಇಷ್ಟು ಒಳ್ಳೆ ಕೆಲಸ ಮಾಡ್ತಾ ಇದ್ದೀಯ, ನಿನ್ನನ್ನ ಅಲ್ಲಿಂದ ಯಾಕೆ ತೆಗೀಲಿ?” ನನ್ನ ತಪ್ಪೇ ನನ್ನನ್ನು ಇಲ್ಲಿ ಗೂಟಕ್ಕೆ ಕಟ್ಟಿತು. ಕೆಲಸ ಬಿಡೋಣವೆಂದರೆ ಅಪ್ಪನ ಔಷಧಿ, ತಮ್ಮನ ಕಾಲೇಜು ನನ್ನ ಸಂಬಳದ ಮೇಲೆಯೇ ನಿಂತಿವೆ.

ಇತ್ತ ಮಂಜನನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಅವನು ಕಳ್ಳನಲ್ಲ ಎಂದು ತೋಟದವರಿಗೆಲ್ಲ ಗೊತ್ತು. ಆದರೆ ಟಿವಿಯಲ್ಲಿ ಬಂದ ಮುಖ ತಮ್ಮ ಬೆಟ್ಟದಲ್ಲಿ ಕಂಡರೆ ನಾಳೆ ಅರಣ್ಯ ಇಲಾಖೆಯವರು ಬಂದು ನಿಲ್ಲುತ್ತಾರೆ ಎಂಬ ಹೆದರಿಕೆ ಅವರಿಗೆ. ಈ ಮಾತನ್ನು ಜೈನಾಬಿಯ ಗಂಡ ಟೆಂಪೊ ನಿಲ್ಲಿಸಿದಲ್ಲೆಲ್ಲ ಕೇಳಿಕೊಂಡು ಬಂದು ನನಗೆ ಹೇಳುತ್ತಿದ್ದರು.

ಎರಡು ವಾರದ ನಂತರ ಇಡಗುಂದಿಯ ಆಚೆ ಘಟ್ಟದಲ್ಲಿ ಲಾರಿ ಮಗುಚಿ ರಸ್ತೆ ಬಂದ್ ಆಯಿತು. ನನ್ನನ್ನು ನೇರಪ್ರಸಾರಕ್ಕೆ ತೆಗೆದುಕೊಂಡರು. ಕಳಿಸಿದ ಚಿತ್ರವನ್ನು ಡೆಸ್ಕಿನವರು ಕತ್ತರಿಸಬಹುದು, ಬಾಯಿಂದ ಹೊರಟ ಮಾತನ್ನು ಹೇಗೆ ಕತ್ತರಿಸುತ್ತಾರೆ? ಲಾರಿಯ ಕಥೆ ಮುಗಿಸಿ ಉಸಿರು ತೆಗೆದುಕೊಳ್ಳದೆ ಶುರು ಮಾಡಿದೆ: “ಇದೇ ಹೊತ್ತಿನಲ್ಲಿ ವೀಕ್ಷಕರ ಕ್ಷಮೆ ಕೇಳಬೇಕು. ಮತ್ತಿಘಟ್ಟದ ಬಗ್ಗೆ ನಾವು ತೋರಿಸಿದ...” ಇಯರ್‌ಫೋನಿನಲ್ಲಿ ಬರುತ್ತಿದ್ದ ದನಿ ನಿಂತುಹೋಯಿತು. ಸ್ಟುಡಿಯೋದಲ್ಲಿ ಕೂತ ನಿರೂಪಕಿ, ಘಟ್ಟದಲ್ಲಿ ನೆಟ್‌ವರ್ಕ್ ಸಮಸ್ಯೆಯಿಂದ ಸಂಪರ್ಕ ಕಡಿತಗೊಂಡಿದೆ ಎಂದಳಂತೆ. ನನ್ನ ಫೋನಿನಲ್ಲಿ ಸಿಗ್ನಲ್ ತುಂಬ ಇತ್ತು.

ಎಲ್ಲರೂ ನಂಬಿದರು. ಜೈನಾಬಿ ಕೂಡ, “ಆ ಘಟ್ಟದಲ್ಲಿ ನಮ್ಮವರ ಫೋನೂ ಹತ್ತೂದಿಲ್ಲ ಬೇಟಿ, ನೀ ಎಂತ ಮಾಡ್ತಿ” ಎಂದು ಸಮಾಧಾನ ಹೇಳಿದರು. ನಾನು ಸಿಟ್ಟಿನಿಂದ ತಟ್ಟೆ ನೂಕಿದೆ. ಪಾಪ, ಅವರದೇನು ತಪ್ಪು.

ಮರುದಿನ ಮತ್ತಿಘಟ್ಟಕ್ಕೆ ಹೋದೆ. ಮಂಜ ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದ. ನನ್ನನ್ನು ಕಂಡವನೇ ಮುಖ ತಗ್ಗಿಸಿದ. ಆದರೂ ಅವನ ಹೆಂಡತಿ ಬೆಲ್ಲ, ನೀರು ತಂದಿಟ್ಟಳು. ಬಾಗಿಲಿಗೆ ಬಂದವರಿಗೆ ಮೊದಲು ಆಸರಿಗೆ, ಅಂದರೆ ಕುಡಿಯಲು ಏನಾದರೂ ಕೊಟ್ಟ ಮೇಲೆಯೇ ಇಲ್ಲಿ ಮಾತು. ನಾನು ನಿಂತುಕೊಂಡೇ ಹೇಳಿದೆ: “ತಪ್ಪು ನಂದು ಮಂಜಣ್ಣ. ನೀವು ಕಳ್ಳರಲ್ಲ.”

“ಇದು ಟೀವಿಲಿ ಬತ್ತದಾ?”

“ಇಲ್ಲ.”

“ಹಂಗಾರೆ ನಂಗೆ ಎಂತಕ್ಕೆ ಹೇಳ್ತ್ರಿ? ನಾ ಕಳ್ಳ ಅಲ್ಲ ಹೇಳಿ ನಂಗೆ ಮೊದ್ಲೇ ಗೊತ್ತಿತ್ತಲ.”

ಅವನು ಸಿಟ್ಟಿನಿಂದ ಹೇಳಲಿಲ್ಲ. ಬುಟ್ಟಿಗೆ ಇನ್ನೊಂದು ಬಳ್ಳಿ ಎಳೆದುಕೊಂಡ. ನಾನು ಬೆಲ್ಲ ಬಾಯಿಗೆ ಹಾಕಿಕೊಳ್ಳದೆ ಹೊರಟು ಬರುವಂತೆಯೂ ಇರಲಿಲ್ಲ. ಹಾಕಿಕೊಂಡೆ.

ಮೊನ್ನೆ ಅವ್ವ ಫೋನ್ ಮಾಡಿದ್ದಳು. “ಊರಾಗ ಎಲ್ಲಾರೂ ನಿಂದೇ ಮಾತು ಆಡಾಕತ್ತಾರವ್ವ. ಕಾಡುಗಳ್ಳರನ್ನ ಹಿಡದು ಕೊಟ್ಟಾಳಂತ. ದೀಪಾವಳಿಗೆ ಬಂದಾಗ ಸಾಲ್ಯಾಗ ಸನ್ಮಾನ ಮಾಡ್ತಾರಂತ.” ಅವಳ ದನಿಯಲ್ಲಿ ಅಷ್ಟು ಹಿಗ್ಗನ್ನು ನಾನು ಕೇಳಿದ್ದೇ ಇಲ್ಲ. ಹೂಂ ಎಂದು ಫೋನ್ ಇಟ್ಟೆ. ನಿಜ ಹೇಳಲಿಲ್ಲ.

ಅದಕ್ಕೇ ಊರಿನವರಾದ ನಿಮಗೆಲ್ಲ ಬರೆಯುತ್ತಿದ್ದೇನೆ. ಇಲ್ಲಿ ನಾನು ದಾರಿಯಲ್ಲಿ ಬಂದರೆ ಮರದ ಮೇಲಿದ್ದವರು ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಾರೆ. ಅಲ್ಲಿ ನೀವು ನನಗಾಗಿ ಶಾಲು ಕೊಂಡು ಇಟ್ಟಿದ್ದೀರಿ. ದೀಪಾವಳಿಗೆ ಬರುತ್ತೇನೆ. ಸಾಲೆಗೂ ಬರುತ್ತೇನೆ. ಶಾಲು ಮಡಿಸಿಯೇ ಇರಲಿ. ಮೊದಲು ಮಂಜನ ಹೆಸರು ಹೇಳಿ, ಅವನು ಏನು ಮಾಡುತ್ತಿದ್ದ ಎಂಬುದನ್ನು ನಿಮ್ಮೆದುರು ಪೂರ್ತಿ ಹೇಳುತ್ತೇನೆ, ಯಾರೂ ನಡುವೆ ಕತ್ತರಿಸಬೇಡಿ. ಆಮೇಲೆ ಅವ್ವ ನನ್ನನ್ನು ಮನೆಯೊಳಗೆ ಕರೆದರೆ ಹಬ್ಬ ಮಾಡಿ ಹೋಗುತ್ತೇನೆ.