ನೆಲಕ್ಕಿಳಿದ ಒಲೆ

ನಲವತ್ತು ದಾಟುವವರೆಗೆ ನನಗೆ ಒಗ್ಗರಣೆಯ ಸದ್ದು ಗೊತ್ತಿತ್ತು, ವಾಸನೆ ಗೊತ್ತಿತ್ತು; ಅದರ ಮುಖ ಮಾತ್ರ ಕಂಡಿರಲಿಲ್ಲ. ಊಟದ ವಿಷಯದಲ್ಲಿ ನಾನು ಪಳಗಿದವಳು, ಅಡುಗೆಯ ವಿಷಯದಲ್ಲಿ ಕೈಗೂಸು.

ಇದಕ್ಕೆ ನನ್ನ ಕಾಲುಗಳು ಕಾರಣ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎರಡೂ ಸೋತವು. ಹೊರಗೆ ಮೂರು ಗಾಲಿಯ ಸ್ಕೂಟರಿನಲ್ಲಿ ಓಡಾಡುತ್ತೇನೆ. ಮನೆಯೊಳಗೆ ಕೈಯೂರಿ ನೆಲದ ಮೇಲೆ ಸರಿಯುತ್ತೇನೆ. ಜಿಡಗಾದ ಮನೆಯಲ್ಲಿ ಅವ್ವ ನನ್ನನ್ನು ಓದಿಸಿದಳು, ಹೊಲಿಗೆ ಕಲಿಸಿದಳು, ಆಳಂದದಲ್ಲಿ ನೌಕರಿ ಸಿಕ್ಕಾಗ ಓಣಿಗೆಲ್ಲ ಸಕ್ಕರೆ ಹಂಚಿದಳು. ಒಲೆಯ ಹತ್ತಿರ ಮಾತ್ರ ಬಿಡಲಿಲ್ಲ. "ಸೆರಗಿಗೆ ಬೆಂಕಿ ಹತ್ತಿದ್ರ ನಿನಗ ಎದ್ದು ಓಡಾಕ ಬರಂಗಿಲ್ಲವ್ವಾ" ಎನ್ನುತ್ತಿದ್ದಳು. ಬಿಸಿ ರೊಟ್ಟಿ ಕೂತಲ್ಲಿಗೇ ಬರುತ್ತಿದ್ದುದರಿಂದ ಈ ಮಾತಿಗೆ ಉತ್ತರ ಹುಡುಕುವ ಆತುರ ನನಗೂ ಇರಲಿಲ್ಲವೆನ್ನಿ.

ಆಮೇಲೆ ಅಫಜಲಪುರಕ್ಕೆ ವರ್ಗವಾಯಿತು. ಬಾಡಿಗೆ ಮನೆ ಹಿಡಿದೆ, ಖಾನಾವಳಿಯಿಂದ ಡಬ್ಬಿ ತರಿಸಿದೆ. ಆ ಡಬ್ಬಿಯ ಪಲ್ಯ ದಿನಕ್ಕೊಂದು ಹೆಸರು ಇಟ್ಟುಕೊಂಡು ಬರುತ್ತಿತ್ತು, ರುಚಿ ಮಾತ್ರ ಬದಲಾಗುತ್ತಿರಲಿಲ್ಲ. ಕೊನೆಗೊಂದು ದಿನ ಪುಂಡಿ ಪಲ್ಯ ತಿನ್ನಬೇಕೆಂಬ ಆಸೆ ತಡೆಯಲಾರದೆ ಅಡುಗೆಮನೆಗೆ ಸರಿದು ಹೋದೆ. ಅಲ್ಲಿ ಒಲೆ ನನ್ನ ತಲೆಯ ಮೇಲೆ, ಕಟ್ಟೆಯ ಮೇಲಿತ್ತು.

ಆಗ ಹೊಳೆಯಿತು. ನಮ್ಮ ಅಜ್ಜಿಯರ ಕಾಲದಲ್ಲಿ ಒಲೆ, ಬೀಸುಕಲ್ಲು, ಈಳಿಗೆ, ಮಜ್ಜಿಗೆಯ ಗಡಿಗೆ ಎಲ್ಲವೂ ನೆಲದ ಮೇಲೇ ಇದ್ದವು. ಊರಿನ ಹೆಂಗಸರೆಲ್ಲ ಕೂತು ಅಡುಗೆ ಮಾಡುತ್ತಿದ್ದರು, ನಾನು ಕೂರುವ ಹಾಗೆಯೇ. ಮುಂದೆ ಕಟ್ಟೆ ಬಂತು, ಒಲೆ ಎದ್ದಿತು, ಅದರ ಹಿಂದೆ ಹೆಂಗಸರೂ ಎದ್ದು ನಿಂತರು. ಮಂಡಿನೋವಿನವರಿಗೆ ಅದರಿಂದ ಉಪಕಾರವೇ ಆಯಿತು, ಇಲ್ಲವೆನ್ನಲಾರೆ. ಆದರೆ ನಿಲ್ಲಲಾರದವರನ್ನು ಯಾರೂ ಕೇಳಲಿಲ್ಲ. ನಾನು ಕಟ್ಟೆಯನ್ನು ಅದರ ಪಾಡಿಗೆ ಬಿಟ್ಟು ಒಂದು ಕರೆಂಟ್ ಒಲೆ ತಂದು ನೆಲದ ಮೇಲೆ ಮಣೆ ಹಾಕಿ ಕೂರಿಸಿದೆ.

ಇನ್ನು ಕಲಿಸುವವರು ಬೇಕಲ್ಲ? ಜೇವರ್ಗಿಯಲ್ಲಿ ಮೆಹರು ಎಂಬ ಗೆಳತಿಯಿದ್ದಾಳೆ. ಕಲಬುರಗಿಯ ತರಬೇತಿಯೊಂದರಲ್ಲಿ ಪರಿಚಯವಾದವಳು. ಹುಟ್ಟಿನಿಂದ ಅವಳಿಗೆ ಕಣ್ಣಿಲ್ಲ. ಆದರೂ ಮನೆಮಂದಿಗೆಲ್ಲ ಅಡುಗೆ ಅವಳದೇ. ಫೋನ್ ಮಾಡಿದೆ.

"ಫೋನ್ ಒಲಿ ಬಾಜೂಕ ಇಡು ಬೇ" ಎಂದಳು. "ನೀ ಮಾತಾಡಬ್ಯಾಡ, ಪಾತ್ರಿ ಮಾತಾಡ್ಲಿ."

ಹೀಗೆ ಒಬ್ಬಳು ನೋಡುತ್ತ, ಒಬ್ಬಳು ಕೇಳುತ್ತ ಅಡುಗೆ ಶುರುವಾಯಿತು. ಮೊದಲು ಜೋಳದ ನುಚ್ಚು. ನೀರು ಕುದಿಸಿ, ನುಚ್ಚು ಹಾಕಿ, ಉಪ್ಪು ಹಾಕಿ, ಮುಚ್ಚಿಟ್ಟರೆ ಅದೇ ಬೇಯುತ್ತದೆ. ಇದಕ್ಕಿಂತ ಸುಲಭದ ಊಟ ನಮ್ಮ ಸೀಮೆಯಲ್ಲಿಲ್ಲ. "ಈಗ ದಪ್ಪ ಸಪ್ಪಳ ಬರಾಕತ್ತದ, ಉರಿ ಸಣ್ಣ ಮಾಡು" ಎನ್ನುತ್ತಿದ್ದಳು. ಒಮ್ಮೆ ಮಾತ್ರ ಭಾರೀ ಖುಷಿಯಿಂದ, "ಏನ್ ಜೋರ್ ಕುದಿಯಾಕತ್ತದ ಬೇ, ಇಳಿಸು" ಎಂದಳು. ನೋಡಿದರೆ ಪಾತ್ರೆ ಇನ್ನೂ ತಣ್ಣಗಿತ್ತು. ಕುದಿಯುತ್ತಿದ್ದುದು ಹವಳಗಾದ ಕಾರ್ಖಾನೆಗೆ ಕಬ್ಬು ಹೊತ್ತು ಹೊರಟಿದ್ದ ಟ್ರ್ಯಾಕ್ಟರು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಬೇಯಿಸುವುದು ಬಂತು, ಸಾಗಿಸುವುದು ಬರಲಿಲ್ಲ. ಕೈಯೂರಿ ಸರಿಯುವವಳು ಬಿಸಿ ಪಾತ್ರೆ ಯಾವ ಕೈಯಲ್ಲಿ ಹಿಡಿಯಬೇಕು? ಬೇಳೆಯ ಪಾತ್ರೆಯನ್ನು ನೆಲದ ಮೇಲೆ ತಳ್ಳಿಕೊಂಡು ಹೊರಟಿದ್ದಾಗ ಅದು ಹಾಸುಗಲ್ಲಿನ ಸಂದಿಗೆ ಸಿಕ್ಕಿ ವಾಲಿತು. ಎಡಗೈ ಸುಟ್ಟಿತು. ಉರಿಗಿಂತ ಹೆಚ್ಚಾಗಿ, ಅವ್ವನ ಭಯವೇ ನಿಜವಾಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ವಿಡಿಯೋ ಕಾಲಿನಲ್ಲಿ ಕೈ ಬಚ್ಚಿಟ್ಟೆ, ಆದರೂ ಬಟ್ಟೆ ಸುತ್ತಿದ್ದು ಅವ್ವನಿಗೆ ಕಂಡೇಬಿಟ್ಟಿತು.

"ಆಯ್ತಾರ ಬರ್ತೇನಿ. ಅರಿವಿ ಕಟ್ಟಿಟ್ಟಿರು. ಆಳಂದಕ್ಕ ವರ್ಗ ಕೇಳು, ಮನಿಗಿ ನಡಿ" ಎಂದು ಫೋನ್ ಇಟ್ಟಳು.

ಬಟ್ಟೆ ಕಟ್ಟುವ ಬದಲು ನಾನು, ಆಫೀಸಿನಲ್ಲಿ ಮುರಿದು ಮೂಲೆ ಸೇರಿದ್ದ ಕುರ್ಚಿಯ ಗಾಲಿಗಳನ್ನು ಸಾಹೇಬರನ್ನು ಕೇಳಿ ತಂದೆ. ಬಡಗಿ ಅವನ್ನು ಅಗಲವಾದ ಮಣೆಗೆ ಜಡಿದು, ಪಾತ್ರೆ ಜಾರದಂತೆ ಸುತ್ತ ಪಟ್ಟಿ ಹೊಡೆದುಕೊಟ್ಟ. ಅಂದಿನಿಂದ ಬೇಳೆ ಗಾಡಿಯಲ್ಲಿ ತಿರುಗುತ್ತದೆ.

ರವಿವಾರ ಅವ್ವ ಬಂದಳು. ಚೌಡಾಪುರ ದಾಟುವವರೆಗೂ ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳಂತೆ. ನನ್ನ ಬಟ್ಟೆಗಳು ಗೂಟದಲ್ಲೇ ಇದ್ದುದನ್ನು ಕಂಡು ಮುಖ ಬಿಗಿಯಿತು.

"ಮೊದಲ ಉಣ್ಣು, ಆಮ್ಯಾಲ ಜಗಳ ಮಾಡೂಣು" ಎಂದೆ.

ಈಳಿಗೆಯಲ್ಲಿ ಉಳ್ಳಾಗಡ್ಡಿ ಹೆಚ್ಚಿದೆ, ಬೆಳ್ಳುಳ್ಳಿ ಜಜ್ಜಿದೆ, ಬೇಯುತ್ತಿದ್ದ ಬೇಳೆಗೆ ಪುಂಡಿ ಸೊಪ್ಪು ಹಾಕಿದೆ. ನಾನು ಸೌಟಿಗೆ ಕೈ ಚಾಚಿದಾಗಲೆಲ್ಲ ಅವ್ವನ ಕೈಯೂ ಚಾಚುತ್ತಿತ್ತು. "ಸುಮ್ಮ ಕೂಡಬೇ" ಎಂದರೆ ಅರೆಗಳಿಗೆ ಕೂತು ಮತ್ತೆ ಮುಂದೆ ಬರುವಳು. ಒಗ್ಗರಣೆ ಚಟಪಟ ಎಂದಾಗ ಕಣ್ಣು ಮುಚ್ಚಿಕೊಂಡಳು. ಗಾಲಿಯ ಮಣೆ ಉರುಳುತ್ತ ತನ್ನ ಮುಂದೆ ಬಂದು ನಿಂತಾಗ ತೆರೆದಳು. ನುಚ್ಚು, ಪಲ್ಯ, ನಂಜಿಕೊಳ್ಳಲು ಶೇಂಗಾ ಹಿಂಡಿ ಬಡಿಸಿದೆ.

ಅವ್ವ ಒಂದು ತುತ್ತು ಬಾಯಿಗಿಟ್ಟು ನಿಧಾನ ಅಗಿದಳು.

"ಉಪ್ಪು ಕಮ್ಮಿ ಆಗ್ಯಾದ" ಎಂದಳು. "ಪುಂಡಿ ಹುಳಿ ಇರ್ತದ. ಉಪ್ಪು ನೋಡಿ ಹಾಕಬೇಕು. ಇಷ್ಟೂ ತಿಳಿಯಂಗಿಲ್ಲೇನು?"

ಇಲ್ಲಿ ಒಂದು ಮಾತು ಹೇಳಬೇಕು. ಅವ್ವ ನನ್ನ ಅತ್ತಿಗೆಯರ ಪ್ರತಿ ಪಲ್ಯಕ್ಕೂ ತಕರಾರು ತೆಗೆಯುವವಳು. ಆದರೆ ನನ್ನ ಯಾವ ಕೆಲಸಕ್ಕೂ ಹೆಸರಿಟ್ಟವಳಲ್ಲ. ನಾನು ಹೊಲಿದ ಕುಪ್ಪಸದ ತೋಳು ಒಂದು ಉದ್ದ, ಒಂದು ಗಿಡ್ಡವಾದರೂ "ಭಾಳ ಛಂದ ಆಗ್ಯಾದವ್ವಾ" ಎಂದೇ ತೊಡುತ್ತಿದ್ದಳು. ಆ ಹೊಗಳಿಕೆಯಲ್ಲಿ ಪ್ರೀತಿಯ ಜೊತೆಗೆ ಕನಿಕರವೂ ಬೆರೆತಿರುವುದು ನನಗೆ ತಿಳಿಯುತ್ತಿತ್ತು. ಈಗ ಅವಳು ಬೈದಳು, ಅತ್ತಿಗೆಯರನ್ನು ಬೈದಷ್ಟೇ ಸಲೀಸಾಗಿ. ಬೈದು, ಇನ್ನೊಂದು ಸೌಟು ಪಲ್ಯ ಹಾಕಿಸಿಕೊಂಡಳು.

ಜಗಳ ಆಗಲೇ ಇಲ್ಲ. ಸಂಜೆಯ ಬಸ್ಸಿಗೆ ಹೊರಡುವಾಗ, "ಮುಂದಿನ ಸಲ ಪುಂಡಿ ಊರಿಂದ ತರ್ತೇನಿ, ಇಲ್ಲಿದು ಬಲ್ತದ" ಎಂದಳು. ವರ್ಗದ ಸುದ್ದಿ ಎತ್ತಲಿಲ್ಲ.

ಮೆಹರು ಫೋನಿಗಾಗಿ ಕಾದು ಕೂತಿದ್ದಳು.

"ಅವ್ವ ಏನಂದ್ರು?"

"ಉಪ್ಪು ಕಮ್ಮಿ ಅಂದ್ಳು."

ಅವಳು ಮೆಲ್ಲಗೆ, "ಮುಬಾರಕ್ ಬೇ" ಎಂದಳು.