ಭಾವನ ಅಂಗೈ ಸದ್ದು

ನಮ್ಮ ಭಾವ ಶಾಸಕರಾಗುವ ಮೊದಲು ನಲ್ಲಿ ರಿಪೇರಿ ಮಾಡುತ್ತಿದ್ದರು. ಇದನ್ನು ಹೇಳಿದರೆ ಅವರ ಹಿಂಬಾಲಕರಿಗೆ ಮೂಗಿನ ತುದಿಯಲ್ಲೇ ಕೋಪ. ನನಗೆ ಅದರಲ್ಲಿ ನಾಚಿಕೆಯೇನೂ ಇಲ್ಲ. ನಾಚಿಕೆಯಾಗುವುದು ಆಮೇಲಿನ ಕತೆಗೆ.

ಓಣಿಯಲ್ಲಿ ನಲ್ಲಿ ಕೆಟ್ಟರೆ ಪುರಸಭೆಯವರು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಭಾವ ಸ್ಪ್ಯಾನರ್ ಹಿಡಿದು ಹಾಜರು. ಜನ ಅವರನ್ನೇ ಪುರಸಭೆಗೆ ಆರಿಸಿ ಕಳಿಸಿದರು. ಊರಿನ ಹೆರಿಗೆ ಆಸ್ಪತ್ರೆಗೆ ಸರ್ಕಾರದವರು ಬೀಗ ಹಾಕಲು ಬಂದಾಗ ಗೇಟಿಗೆ ಅಡ್ಡ ಮಲಗಿಬಿಟ್ಟರು. ನನ್ನ ಅಕ್ಕ, ಅಂದರೆ ಅವರ ಹೆಂಡತಿ, ಅಲ್ಲೇ ನರ್ಸು. ಹೆಂಡತಿಯ ಕೆಲಸಕ್ಕಾಗಿ ಮಲಗಿದ್ದಾನೆ ಎಂದು ಕೊಂಕಾಡಿದವರೂ ಇದ್ದರು. ಅಂತೂ ಆಸ್ಪತ್ರೆ ಉಳಿಯಿತು, ಅದರ ಹೆಸರು ಹೇಳಿಕೊಂಡೇ ಭಾವ ಶಾಸಕರಾದರು.

ಅವರ ಬಿಳಿ ಅಂಗಿ ಹೊಲಿದವನು ನಾನೇ. ವಿಧಾನಸಭೆಯಲ್ಲಿ ಅವರನ್ನು ನೋಡಲೆಂದು ನನ್ನ ಟೈಲರ್ ಅಂಗಡಿಗೆ ಟಿವಿ ತಂದೆ. ಓಣಿಯಲ್ಲಿ ಗುಡುಗುತ್ತಿದ್ದ ಮನುಷ್ಯನಿಗೆ ಅಲ್ಲಿ ಬಾಯಿ ಕಟ್ಟಿಹೋಯಿತು. ಮಂತ್ರಿಗಳು ಮಾತಾಡಿದಾಗ ಮೇಜು ಕುಟ್ಟುವುದೊಂದು ಚೆನ್ನಾಗಿ ಒಲಿಯಿತು. ಸ್ಪ್ಯಾನರ್ ತಿರುಗಿಸಿ ಗಟ್ಟಿಯಾದ ಅಂಗೈ ಅದು!

"ಪಾರ್ಟಿ ಮುಖಂಡರು ಏನಂದ್ರು ಗೊತ್ತಾ? ನೀನೊಬ್ಬ ಇದ್ರೆ ಹತ್ತು ಜನ ಇದ್ದ ಹಾಗೆ ಕಣಯ್ಯ ಅಂದ್ರು," ಎಂದು ಹಿಗ್ಗಿ ಹೀರೇಕಾಯಿಯಾಗಿ ಹೇಳಿದ್ದರು. ನಾನೂ ಹಲ್ಲು ಕಿರಿದಿದ್ದೆ.

ಒಂದು ದಿನ ಅಕ್ಕ ಅಂಗಡಿಗೆ ಬಂದಿದ್ದಳು, ಗಿರಾಕಿಗಳೂ ಇದ್ದರು. ಟಿವಿಯಲ್ಲಿ ಆರೋಗ್ಯ ಮಂತ್ರಿ ಉದ್ದನೆಯ ಭಾಷಣ ಓದುತ್ತಿದ್ದರು. ಭಾವ ಮಾತು ಮಾತಿಗೂ ಕುಟ್ಟುತ್ತಿದ್ದರು. ಅಷ್ಟರಲ್ಲಿ ಮಂತ್ರಿಯ ಬಾಯಲ್ಲಿ ನಮ್ಮೂರಿನ ಹೆಸರು ಬಂತು. ಭಾವನ ಮುಖ ಊರಗಲವಾಯಿತು, ಎರಡೂ ಕೈಯಲ್ಲಿ ಕುಟ್ಟಿದರು. ಹೆರಿಗೆ ಆಸ್ಪತ್ರೆಯನ್ನು ಮುಚ್ಚಿ ಜಿಲ್ಲಾಸ್ಪತ್ರೆಗೆ ಸೇರಿಸುತ್ತೇವೆ ಎಂದು ಮಂತ್ರಿ ಹೇಳುತ್ತಿದ್ದರು. ಭಾವ ನಗುನಗುತ್ತಾ ಕುಟ್ಟುತ್ತಲೇ ಇದ್ದರು.

"ನಿಮ್ಮ ಭಾವಂಗೆ ಬಹಳ ಖುಷಿಯಾದಂಗಿದೆ," ಎಂದ ಒಬ್ಬ ಗಿರಾಕಿ.

ನನ್ನ ಮಾನ ಹೋಯಿತು. ತಲೆ ತಗ್ಗಿಸಿ ಮಷೀನಿನ ಸೂಜಿಗೆ ದಾರ ಪೋಣಿಸತೊಡಗಿದೆ. ದಾರ ಆಗಲೇ ಪೋಣಿಸಿಯಾಗಿತ್ತು. ಅಕ್ಕ ಯಾರ ಮುಖವನ್ನೂ ನೋಡದೆ ಎದ್ದು ಹೋದಳು.

ಭಾನುವಾರ ಭಾವ ಹಿಂದಿನ ಬಾಗಿಲಿನಿಂದ ಮನೆಗೆ ಬಂದರು. ಗೇಟಿನ ಹತ್ತಿರ ಬಸುರಿ ಹೆಂಗಸರು ಕಾಯುತ್ತಿದ್ದರು.

"ನಮ್ಮೂರಿನ ಹೆಸರು ಕೇಳಿಸ್ತು. ಏನೋ ಒಳ್ಳೇದು ಕೊಟ್ರು ಅಂದ್ಕೊಂಡೆ ಕಣೇ."

"ಮುಂದಿನದು ಕೇಳಿಸ್ಲಿಲ್ವಾ?" ಎಂದಳು ಅಕ್ಕ.

"ಆ ಗದ್ದಲದಲ್ಲಿ ಏನು ಕೇಳಿಸುತ್ತೆ?"

"ಯಾರ ಗದ್ದಲ?"

ಭಾವ ತಮ್ಮ ಅಂಗೈ ನೋಡಿಕೊಂಡರು. "ನಂದೇ," ಎಂದರು. ಅವರ ಕಿವಿ ಕೆಂಪಾಗಿತ್ತು. "ಆದೇಶ ಇನ್ನೂ ಹೊರಬಿದ್ದಿಲ್ಲ. ನಾಳೆ ಎದ್ದು ನಿಂತು ಬೇಡ ಅಂತೀನಿ. ಪಾರ್ಟಿ ಟಿಕೆಟ್ ಕೊಡದಿದ್ರೆ ಬಿಡ್ಲಿ," ಎಂದರು.

ಮಾರನೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾವ ನಿಜಕ್ಕೂ ಎದ್ದು ನಿಂತರು. "ಮಾನ್ಯ ಅಧ್ಯಕ್ಷರೇ, ನಮ್ಮೂರಿನ ಹೆರಿಗೆ..." ಎನ್ನುವಷ್ಟರಲ್ಲಿ ಮುಖಂಡರು ಹಿಂದೆ ತಿರುಗಿ ನೋಡಿದರು, ಅಷ್ಟೇ. ಭಾವನ ಅಕ್ಕಪಕ್ಕದವರು, ಅವರದೇ ಪಕ್ಷದವರು, ಮೇಜು ಕುಟ್ಟಲು ಶುರುಮಾಡಿದರು. ಭಾವ ಕತ್ತಿನ ನರ ಉಬ್ಬಿಸಿ ಕೂಗುತ್ತಿದ್ದರು, ತುಟಿ ಮಾತ್ರ ಆಡುತ್ತಿತ್ತು. ಅಕ್ಕ ಎದ್ದು ಟಿವಿಯ ಸದ್ದು ಜೋರು ಮಾಡಿದಳು. ಕುಟ್ಟುವುದೇ ಜೋರಾಗಿ ಕೇಳಿಸಿತು.

ಭಾವ ಮನೆಗೆ ಬಂದಾಗ ಗಂಟಲು ಒಡೆದಿತ್ತು. ಊಟಕ್ಕೆ ಕೂತವರು ತಟ್ಟೆ ಮುಟ್ಟದೆ, "ನಾನು ಹೇಳಿದ್ದು ಕೇಳಿಸ್ತಾ?" ಎಂದು ಕೇಳಿದರು.

"ಇಲ್ಲ," ಎಂದಳು ಅಕ್ಕ.

ಭಾವ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿದರು.