ಖಲ್ಫಾನನ ನ್ಯಾಯ, ಮೌಜಾಳ ಅಕ್ಕಿ

ಹಾಯಿಹಡಗು ಹತ್ತಿದರೆ ದಂಡೆ ಮರೆಯಾಗುವ ಮೊದಲೇ ವಾಂತಿ ಮಾಡಿಕೊಳ್ಳುವ ಆಸಾಮಿ ಖಲ್ಫಾನ್. ಆದರೂ ಆ ಬಂದರಿನಲ್ಲಿ ಕಡಲಿನ ತಕರಾರುಗಳನ್ನೆಲ್ಲ ಬಗೆಹರಿಸುವ ಪಟ್ಟ ಅವನದೇ. ಊರ ನಡುವಿನ ಒಣಹಳ್ಳವೇ ಗಡಿ. ಈಚೆ ಸುಲ್ತಾನರದು, ಆಚೆ ಶೇಖ್ ದೊರೆಯದು. ಎರಡೂ ಕಡೆಯ ಖಾಜಿಗಳು ಇತ್ತ ತಲೆ ಹಾಕುತ್ತಿರಲಿಲ್ಲ. ಹಾಗಾಗಿ ಗಡ್ಡಕ್ಕೆ ಮದರಂಗಿ ಹಚ್ಚಿಕೊಂಡು, ಬಿಟ್ಟಿ ಕಾಫಿ ಹೀರುತ್ತ ಕೂತ ಈ ಮಹಾಶಯನೇ ನ್ಯಾಯಾಧೀಶನಾಗಿದ್ದ. ಅವನ ಗಾಂಭೀರ್ಯವೆಲ್ಲ ಆ ಗಡ್ಡದಲ್ಲೇ ಇತ್ತು.

ಆ ವರ್ಷ ಬಸ್ರಾದಿಂದ ಬರುತ್ತಿದ್ದ ಕಪ್ತಾನ ಸುಬೈತನ ಹಡಗು ಬಿರುಗಾಳಿಗೆ ಸಿಕ್ಕಿತು. ಭಾರ ಇಳಿಸಲೆಂದು ಖಲಾಸಿಗಳು ಮೇಲಿದ್ದ ಮೂವತ್ತು ಮೂಟೆ ಅಕ್ಕಿಯನ್ನು ನೀರಿಗೆಸೆದರು. ಅಷ್ಟೂ ವಿಧವೆ ಮೌಜಾಳದು. ಬಳೆ ಮಾರಿ ತರಿಸಿದ್ದಳು, ಪುಟ್ಟ ಅಂಗಡಿ ಇಟ್ಟು ಸಲ್ಮಾ ಸೇರಿ ಮೂರು ಹೆಣ್ಣುಮಕ್ಕಳನ್ನು ಸಾಕಬೇಕಿತ್ತು. ಕಡಲಿನ ಕಟ್ಟಳೆ ಮಕ್ಕಳಿಗೂ ಗೊತ್ತು: ಹಡಗು ಉಳಿಸಲು ಎಸೆದದ್ದರ ನಷ್ಟ ಸರಕಿದ್ದವರೆಲ್ಲರದು, ಅವರವರ ಪಾಲಿಗೆ ತಕ್ಕಂತೆ. ತಳದಲ್ಲಿ ಉಳಿದಿದ್ದ ಅರವತ್ತು ಮೂಟೆಯ ಧಣಿ ಮೂರರಲ್ಲಿ ಎರಡು ಪಾಲು ನಷ್ಟ ಹೊರಬೇಕು. ಆ ಧಣಿ ಖಲ್ಫಾನನೇ! ಸುಂಕ ತಪ್ಪಿಸಿ ಗುಟ್ಟಾಗಿ ತರಿಸಿದ್ದ. ಸುಬೈತನಿಗದು ಗೊತ್ತಿದ್ದರೂ, ಅವನ ಹಡಗಿನ ಪಾಲಿನ ಜಗಳವೊಂದು ಇದೇ ಖಲ್ಫಾನನ ಮುಂದಿದ್ದುದರಿಂದ ಬಾಯಿ ಬಿಡುವಂತಿರಲಿಲ್ಲ.

"ತಳದ ಮೂಟೆಗಳು ಯಾರ್ದಪ್ಪಾ?" ನ್ಯಾಯಕ್ಕೆ ಕೂತ ದಿನ ಖಲ್ಫಾನ್ ಏನೂ ಅರಿಯದವನಂತೆ ಕೇಳಿದ. ನಾಚಿಕೆಗೇಡಿ!

"ಹಳ್ಳದಾಚೆ ವ್ಯಾಪಾರಿದು," ಎಂದ ಸುಬೈತ್ ನೆಲ ನೋಡುತ್ತ.

"ಆಚೆಯವ್ನು ನಮ್ಮ ನ್ಯಾಯಕ್ಕೆ ಬಗ್ಗೋನಲ್ಲ. ನಾವೇನ್ ಮಾಡೋಕಾಗುತ್ತೆ? ಸಲ್ಮಾಳ ಅಮ್ಮ, ಎಲ್ಲಾ ದೇವರಿಚ್ಛೆ. ಸಬೂರಿ ತಗೋ," ಎಂದ ಖಲ್ಫಾನ್ ಮೌಜಾಳತ್ತ ತಿರುಗಿ.

"ದೇವರು ಎಸೀಲಿಲ್ಲ, ರಾಶಿದನಪ್ಪಾ, ಖಲಾಸಿಗಳು ಎಸೆದ್ರು," ಎಂದಳು ಮೌಜಾ, ಊರ ರೂಢಿಯಂತೆ ಅವನನ್ನು ಮಗನ ಹೆಸರು ಹಿಡಿದು ಕರೆದು. "ನನ್ನಕ್ಕಿ ಮುಳುಗಿದ್ದಕ್ಕೇ ಆ ಅಕ್ಕಿ ದಡ ಸೇರಿದ್ದು."

ಖಲ್ಫಾನ್ ಎದ್ದು ಹೋದ. ಅಲ್ಲಿಗೆ ತೀರ್ಪು ಮುಗಿಯಿತು.

ಅಷ್ಟಕ್ಕೇ ತೆಪ್ಪಗಿದ್ದಿದ್ದರೆ ಬಚಾವಾಗುತ್ತಿದ್ದ. ಆದರೆ ಅವನಿಗೆ ಹೊಗಳಿಸಿಕೊಳ್ಳುವ ಚಟ. ಶುಕ್ರವಾರ ನಮಾಜು ಮುಗಿಸಿ ಬರುವವರೆಲ್ಲ ನೋಡಲಿ ಎಂದು ಕತ್ತೆಯ ಮೇಲೆ ಒಂದು ಮೂಟೆ ಅಕ್ಕಿ ಹೇರಿಸಿ, ದಾನ ಕೊಡಲು ತಾನೇ ಮೌಜಾಳ ಬಾಗಿಲಿಗೆ ಹೋದ. ಒಬ್ಬೊಬ್ಬರ ಮೂಟೆಯ ಬಾಯನ್ನು ಒಂದೊಂದು ಬಣ್ಣದ ದಾರದಲ್ಲಿ ಹೊಲಿಯುವುದು ಖಲಾಸಿಗಳ ರೂಢಿ. ಕಡಲಿನ ನ್ಯಾಯ ಹೇಳುವ ಈ ಪಂಡಿತನಿಗೆ ಮಾತ್ರ ಅದು ಬರೀ ಹೊಲಿಗೆ.

ಮೌಜಾ ಖಲಾಸಿಯ ಹೆಂಡತಿಯಾಗಿ ಬಾಳಿದವಳು. ಮೂಟೆಯ ಬಾಯಿ ಮುಟ್ಟಿ ನೋಡಿದಳು. ನೆರೆದಿದ್ದವರ ನಡುವೆ ನಿಂತಿದ್ದ ಸುಬೈತನತ್ತ ತಿರುಗಿ ಗಟ್ಟಿಯಾಗಿ ಕೇಳಿದಳು:

"ಸುಬೈತ್, ಈ ಕೆಂಪು ದಾರ ಯಾವ ಮೂಟೆಗೆ ಹಾಕಿದ್ರಿ?"

ಅವನು ತಡವರಿಸುತ್ತಿರುವಾಗಲೇ ಮುದಿ ಖಲಾಸಿಯೊಬ್ಬ, "ತಳದ ಅರವತ್ತಕ್ಕೆ ಕಣವ್ವಾ, ನಾನೇ ಹೊಲಿದದ್ದು," ಎಂದುಬಿಟ್ಟ.

"ಇದು... ಆಚೆಯವನ ಹತ್ರ ಕೊಂಡಿದ್ದು," ಎಂದು ಖಲ್ಫಾನ್ ತೊದಲಿದ.

ಸುಬೈತನಿಗೆ ಇನ್ನು ತಡೆಯಲಾಗಲಿಲ್ಲ. "ಸುಳ್ಳು. ಬಸ್ರಾದಲ್ಲೇ ನಿಮ್ಮ ಹೆಸರಲ್ಲಿ ಹೇರಿದ್ದು. ಅರವತ್ತೂ ನಿಮ್ದೇ. ನನ್ನ ಹಡಗು ಹೋದ್ರೆ ಹೋಗ್ಲಿ."

ಯಾರೋ ಕ್ಯಾಕರಿಸಿ ಉಗುಳಿದರು. ಮೌಜಾ ಮಾತ್ರ ಬೈಯಲಿಲ್ಲ.

"ಕಟ್ಟಳೆ ಪ್ರಕಾರ ನನಗೆ ಇಪ್ಪತ್ತು ಮೂಟೆ ಬರ್ಬೇಕು, ರಾಶಿದನಪ್ಪಾ. ಒಂದು ತಂದಿದೀರಿ. ಕತ್ತೆ ಇಲ್ಲೇ ಇದೆ. ಇನ್ನು ಹತ್ತೊಂಬತ್ತು ಸಲ ಹೋಗಿ ಬನ್ನಿ."

ಆ ಮಧ್ಯಾಹ್ನ ಬಂದರಿನ ಗಂಡಸರು ಯಾರೂ ಊಟಕ್ಕೆ ಮನೆಗೆ ಹೋಗಲಿಲ್ಲ. ಗೋಡೆಯ ನೆರಳಲ್ಲಿ ಸಾಲಾಗಿ ಕೂತು, ಖಲ್ಫಾನ್ ಕತ್ತೆ ಹೊಡೆದುಕೊಂಡು ಬಂದಾಗಲೆಲ್ಲ ಒಟ್ಟಿಗೆ ಎಣಿಸಿದರು.